ಎರಡು ಸಲ ಬೆಚ್ಚಗಾದ ಕಡಲು

ದಾನಮ್ಮ ತನ್ನ ಕೆಲಸ ಏನೆಂದು ಮರಾಠಿ ಸೀಮೆಯ ಠಾಕುರ್ಲಿಯಲ್ಲಿ ತಾನಿದ್ದ ಸಾಲುಕೋಣೆಗಳ ಚಾಳಿನಲ್ಲಿ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಕೇಳಿದವರಿಗೆ "ಮಣ್ಣು ತೊಳಿತೀನ್ರಿ" ಅಂದುಬಿಡುತ್ತಿದ್ದಳು. ಅದು ಸುಳ್ಳೇನಲ್ಲ. ರಬಾಳೆಯ ಕಾರ್ಖಾನೆಗಳ ನಡುವೆ ಇದ್ದ ಒಂದು ಸಣ್ಣ ಸಮುದ್ರ ಸಂಶೋಧನಾ ಸಂಸ್ಥೆಗೆ, ಅಂಟಾರ್ಕ್ಟಿಕಾದ ಕಡೆ ಹೋದ ಹಡಗುಗಳು ಕಡಲ ತಳದಿಂದ ಕೊರೆದು ತೆಗೆದ ಕೆಸರು ಬರುತ್ತಿತ್ತು. ಅದನ್ನು ಸಣ್ಣ ಜರಡಿಯಲ್ಲಿ ನೀರು ಬಿಟ್ಟು ತೊಳೆದು, ಉಳಿದ ಪುಡಿಯನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿಕೊಂಡು ಕೂರುವುದು ಅವಳ ಕೆಲಸ. ಆ ಪುಡಿಯಲ್ಲಿ ಸಾವಿರಾರು ವರ್ಷಗಳ ಹಿಂದೆ ನೀರಿನಲ್ಲಿ ತೇಲಿ ಬದುಕಿ ಸತ್ತ ಜೀವಿಗಳ ಚಿಪ್ಪುಗಳಿರುತ್ತಿದ್ದವು. ಒಂದೊಂದೂ ಗಸಗಸೆ ಕಾಳಿಗಿಂತ ಚಿಕ್ಕದು. ಒದ್ದೆ ಕುಂಚದ ತುದಿಯಿಂದ ಅವನ್ನು ಒಂದೊಂದಾಗಿ ಎತ್ತಿ, ಜಾತಿ ಬೇರ್ಪಡಿಸಿ, ಎಣಿಸಬೇಕು. ಒಂದು ಬಗೆಯ ಚಿಪ್ಪು ಶಂಖದ ಹಾಗೆ ಸುರುಳಿ ಸುತ್ತಿರುತ್ತಿತ್ತು. ಎಡಕ್ಕೆ ಸುತ್ತಿದವು ಹೆಚ್ಚಿದ್ದರೆ ಆ ಕಾಲದ ಕಡಲು ಬಹಳ ತಣ್ಣಗಿತ್ತೆಂದು ಅರ್ಥ. ಬಲಕ್ಕೆ ಸುತ್ತಿದವು ಹೆಚ್ಚುತ್ತ ಬಂದರೆ ನೀರು ಬೆಚ್ಚಗಾಗುತ್ತ ಬಂದಿತ್ತೆಂದು. ಸಂಸ್ಥೆಯವರು ಅವುಗಳಿಗೆ ಉದ್ದುದ್ದದ ಹೆಸರು ಹೇಳುತ್ತಿದ್ದರು. ದಾನಮ್ಮ ತನ್ನಷ್ಟಕ್ಕೆ ಎಡಮುರಿ, ಬಲಮುರಿ ಎಂದು ಇಟ್ಟುಕೊಂಡಿದ್ದಳು.

ಹದಿನಾಲ್ಕು ವರ್ಷದ ಹಿಂದೆ ಅವಳು ಅಲ್ಲಿಗೆ ಸೇರಿದ್ದು ಕಸ ಗುಡಿಸಲು. ಆಗ ಗಂಡ ಮಾಪಣ್ಣ ಬದುಕಿದ್ದ. ಇಬ್ಬರೂ ವಿಜಯಪುರದ ಇಂಡಿ ಕಡೆಯಿಂದ ಬಂದವರು. ಅವನು ಠಾಕುರ್ಲಿ ಪಕ್ಕದ ಕಲ್ಯಾಣದ ಮಾರ್ಕೆಟಿನಲ್ಲಿ ಚೀಲ ಹೊರುತ್ತಿದ್ದ. ಒಂಬತ್ತು ವರ್ಷದ ಹಿಂದೆ ಕಾಮಾಲೆ ಬಂದು ಹದಿನೈದೇ ದಿನದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಊರಿಗೆ ವಾಪಸು ಬಾ ಎಂದು ಅಣ್ಣ ಒಂದು ಸಲ ಕರೆದ, ಎರಡನೇ ಸಲ ಕರೆಯಲಿಲ್ಲ.

ಅವಳ ಕೈಗೆ ಕುಂಚ ಕೊಟ್ಟವರು ಚಂದ್ರಶೇಖರ. ಸಂಸ್ಥೆಯ ಹಿರಿಯ ವಿಜ್ಞಾನಿ, ಮೈಸೂರಿನವರು. ಜೋಳದಲ್ಲಿ ಕಲ್ಲು ಆರಿಸಿದವಳ ಕಣ್ಣು ಇದಕ್ಕೆ ಒಗ್ಗುತ್ತದೆ ಎಂದು ಅವರಿಗೆ ಅನ್ನಿಸಿತ್ತಂತೆ. ಒಗ್ಗಿತು. ಎರಡು ವರ್ಷದಲ್ಲಿ ಅವಳು ಪಿಎಚ್‌ಡಿ ಮಾಡುವವರಿಗಿಂತ ಬೇಗ, ತಪ್ಪಿಲ್ಲದೆ ಆರಿಸುತ್ತಿದ್ದಳು. ಆದರೆ ಒಂದೇ ಭಾಷೆಯ ಇಬ್ಬರು ಒಂದೇ ಕೋಣೆಯಲ್ಲಿ ಅಷ್ಟು ವರ್ಷ ಕೂತರೂ ಮಾತು ಬೆಳೆಯಲಿಲ್ಲ. ಅವರು ಮದುವೆಯಾದವರಲ್ಲ, ಸಾನಪಾಡಾದಲ್ಲಿ ಒಬ್ಬರೇ ಇದ್ದರು, ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. "ದಾನಮ್ಮ, ಮುಂದಿನ ಟ್ರೇ" ಎನ್ನುತ್ತಿದ್ದರು. ಅವಳು "ಹ್ಞೂಂ ರಿ" ಎನ್ನುತ್ತಿದ್ದಳು. ಕೆಲವು ದಿನ ಅಷ್ಟೇ. ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಠಾಕುರ್ಲಿಯಲ್ಲಿ ಇಳಿದು ಬೀಗ ತೆಗೆದರೆ, ಬೆಳಿಗ್ಗೆ ಮುಚ್ಚಿಟ್ಟು ಹೋದ ಪಾತ್ರೆ ಮುಚ್ಚಿದ ಹಾಗೇ ಇರುತ್ತಿತ್ತು.

ಚಂದ್ರಶೇಖರರ ಹೆಸರು ದೊಡ್ಡದು. ಹತ್ತೊಂಬತ್ತು ವರ್ಷದ ಹಿಂದೆ ಅವರು ತಾವೇ ಹಡಗಿನಲ್ಲಿ ಹೋಗಿ ದಕ್ಷಿಣದ ಆ ಕಡಲಿನ ತಳದಿಂದ ಆರು ಮೀಟರ್ ಕೆಸರಿನ ಕಂಬವನ್ನು ತಂದಿದ್ದರು. ಅದನ್ನು ಹಡಗಿನ ಮೇಲೆಯೇ ಒಂದೊಂದು ಮೀಟರಿನ ಆರು ತುಂಡು ಮಾಡಿ, ಕೊಳವೆಗಳ ಎರಡೂ ತುದಿಗೆ ಮುಚ್ಚಳ ಹಾಕಿ, ಮೇಲು ಯಾವುದು ಕೆಳಗು ಯಾವುದು ಎಂದು ಬಾಣದ ಗುರುತು ಬರೆದು ತಂದಿದ್ದರು. ಒಂದು ತುಂಡೆಂದರೆ ಸುಮಾರು ಒಂಬತ್ತು ಸಾವಿರ ವರ್ಷ. ಎರಡನೇ ತುಂಡು ಹಿಮಯುಗ ಮುಗಿದ ಕಾಲದ್ದು. ಎಲ್ಲ ಕಡೆ ಕಡಲು ನಿಧಾನವಾಗಿ ಬೆಚ್ಚಗಾದ ಕಾಲ ಅದು. ಚಂದ್ರಶೇಖರರ ಕಂಬದಲ್ಲಿ ಮಾತ್ರ ಬೇರೆ ಕಥೆ ಕಂಡಿತ್ತು: ಕಡಲು ಥಟ್ಟನೆ ಬೆಚ್ಚಗಾಗಿ, ಮತ್ತೆ ಸಾವಿರಾರು ವರ್ಷ ನಿಧಾನವಾಗಿ ತಣ್ಣಗಾಗಿ, ಇನ್ನೊಮ್ಮೆ ಥಟ್ಟನೆ ಬೆಚ್ಚಗಾಗಿತ್ತು. ಕಡಲು ಎರಡು ಸಲ ಬೆಚ್ಚಗಾಯಿತು ಎಂಬ ಅವರ ಲೇಖನವನ್ನು ದೇಶವಿದೇಶದವರು ಓದಿದರು, ವಾದ ಮಾಡಿದರು. ಅವರು ಬದುಕಿದ್ದೇ ಅದರ ಸುತ್ತ.

ಆ ಜೂನ್ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ಅದೇ ಹೊತ್ತಿಗೆ ಸಂಸ್ಥೆಯ ಶೀತಲ ಗೋದಾಮು ಹೊಸ ಕಟ್ಟಡಕ್ಕೆ ಹೋಗಬೇಕಾಯಿತು. ಪ್ರತಿ ತುಂಡನ್ನೂ ಮೊದಲೇ ಉದ್ದಕ್ಕೆ ಸೀಳಿ ಎರಡು ಮಾಡಿರುತ್ತಾರೆ. ಒಂದು ಅರ್ಧ ಪರೀಕ್ಷೆಗೆ, ಇನ್ನೊಂದು ಮುಟ್ಟದೆ ಕಾದಿಡಲು. ಕಾದಿಟ್ಟ ಅರ್ಧಗಳನ್ನು ತೆಗೆದು, ಪ್ಲಾಸ್ಟಿಕ್ ಬದಲಿಸಿ, ಹೊಸ ಚೀಟಿ ಅಂಟಿಸುವ ಕೆಲಸ ದಾನಮ್ಮನಿಗೆ ಬಂತು.

ಒಂದು ಮಂಗಳವಾರ ಅವಳು ಸ್ವೆಟರ್ ಹಾಕಿಕೊಂಡು ಗೋದಾಮಿನಲ್ಲಿ ಆ ಕಂಬದ ಎರಡನೇ ತುಂಡನ್ನು ಬಿಚ್ಚಿದಳು. ಬೂದುಬಣ್ಣದ ಕೆಸರಿನ ನಡುವೆ ಬೆರಳಗಲದ ಕಪ್ಪು ಪಟ್ಟಿಯಿತ್ತು. ಎಲ್ಲೋ ಜ್ವಾಲಾಮುಖಿ ಸಿಡಿದು ಬೂದಿ ಕಡಲಿಗೆ ಬಿದ್ದು ತಳಕ್ಕೆ ಇಳಿದದ್ದು. ಇಂಥ ಪಟ್ಟಿಗಳನ್ನು ಅವಳು ಬೇರೆ ಕಂಬಗಳಲ್ಲಿ ನೋಡಿದ್ದಳು. ಕೆಳಗಿನ ಅಂಚು ಚಾಕುವಿನಿಂದ ಕೊಯ್ದ ಹಾಗೆ, ಮೇಲಿನದು ಮಸಿ ಹರಡಿದ ಹಾಗೆ ಇರುತ್ತಿತ್ತು. ದಪ್ಪ ಕಣ ಮೊದಲು ಇಳಿಯುತ್ತದೆ, ಸಣ್ಣದು ತಡವಾಗಿ. ದಿನಾ ಅವಳ ಬೀಕರಿನಲ್ಲಿ ಆಗುತ್ತಿದ್ದದ್ದೂ ಅದೇ. ಆದರೆ ಈ ತುಂಡಿನಲ್ಲಿ ಕೊಯ್ದಂಥ ಅಂಚು ಮೇಲಿತ್ತು, ಮಸಿ ಕೆಳಕ್ಕೆ ಹರಡಿತ್ತು. ಅವಳು ಬಾಣದ ಗುರುತು ನೋಡಿದಳು. ಬಾಣ ಸರಿಯಾಗಿ ಮೇಲಕ್ಕೇ ತೋರುತ್ತಿತ್ತು.

ಹೊಸ ಚೀಟಿ ಕೈಯಲ್ಲೇ ಉಳಿಯಿತು. ಅದನ್ನು ಅಂಟಿಸದೆ ತುಂಡನ್ನು ಮತ್ತೆ ಸುತ್ತಿಟ್ಟು ಬಂದಳು.

ಕಂಬದಿಂದ ಆರಿಸಿದ ಚಿಪ್ಪುಗಳೆಲ್ಲ ಸ್ಲೈಡುಗಳಲ್ಲಿ ಬೀರುವಿನಲ್ಲಿದ್ದವು. ಅವಳು ಸೇರುವ ಮೊದಲು ಆರಿಸಿದವು ಅವು. ಮರುದಿನ ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ನಾಲ್ಕು ಸ್ಲೈಡು ತೆಗೆದು ಎಣಿಸಿದಳು. ಮೂರು ದಿನ ಊಟದ ಹೊತ್ತು ಅದಕ್ಕೇ ಹೋಯಿತು. ಮೊದಲನೇ ತುಂಡಿನ ಬುಡದಲ್ಲಿ ನೂರಕ್ಕೆ ಐವತ್ತೆಂಟು ಎಡಮುರಿ. ಎರಡನೆಯದರ ತಲೆಯಲ್ಲಿ ತೊಂಬತ್ತೊಂದು, ಬುಡದಲ್ಲಿ ಐವತ್ತೇಳು. ಮೂರನೆಯದರ ತಲೆಯಲ್ಲಿ ತೊಂಬತ್ತೆರಡು. ಎರಡನೇ ತುಂಡನ್ನು ತಲೆಕೆಳಗು ಮಾಡಿದರೆ ಐವತ್ತೆಂಟಕ್ಕೆ ಐವತ್ತೇಳು, ತೊಂಬತ್ತೊಂದಕ್ಕೆ ತೊಂಬತ್ತೆರಡು, ಮುರಿದ ರೊಟ್ಟಿಯ ಹಾಗೆ ಕೂಡಿಕೊಳ್ಳುತ್ತಿತ್ತು. ಕಡಲು ಎರಡು ಸಲ ಬೆಚ್ಚಗಾಗಿರಲಿಲ್ಲ. ಎಲ್ಲ ಕಡೆಯ ಹಾಗೆ ಒಂದೇ ಸಲ, ನಿಧಾನವಾಗಿ.

ಶನಿವಾರ, ಭಾನುವಾರ ಅವಳು ಕೋಣೆಯಲ್ಲಿ ಸುಮ್ಮನೆ ಕೂತಳು. ಇದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಇದ್ದರೂ ಎಲ್ಲಿಂದ ಶುರು ಮಾಡುವುದು? ಇನ್ನು ಮೂರು ವಾರ ಸುಮ್ಮನಿದ್ದರೆ ಅವರು ಹಾರ ಹಾಕಿಸಿಕೊಂಡು ಮರ್ಯಾದೆಯಿಂದ ಹೋಗುತ್ತಾರೆ. ಹೇಳದಿದ್ದರೆ ಬಾಣವಿದ್ದ ಹಾಗೇ ತಾನು ತನ್ನ ಕೈಯಿಂದ ಹೊಸ ಚೀಟಿ ಅಂಟಿಸಬೇಕು. ತಪ್ಪೆಂದು ಗೊತ್ತಿದ್ದೂ.

ಸೋಮವಾರ ಅವರ ಮೇಜಿನ ಮುಂದೆ ನಿಂತಳು.

"ಸರ, ದಪ್ಪ ಉಸುಕು ಮೊದಲ ತಳಕ್ಕ ಕೂಡ್ತೈತಿ, ಸಣ್ಣದು ಆಮ್ಯಾಲ. ಹೌದಲ್ರಿ?"

"ಹೌದು. ಯಾಕೆ?"

"ನಿಮ್ಮ ಕಂಬದಾಗ, ಎರಡನೇ ತುಂಡಿನ್ಯಾಗ, ಕಪ್ಪು ಬೂದಿ ಉಲ್ಟಾ ಐತ್ರಿ."

ಚಂದ್ರಶೇಖರ ಕನ್ನಡಕ ತೆಗೆದರು. "ಅದು ಕಲಕಿರೋ ಪದರ ದಾನಮ್ಮ. ಕೊರೆಯುವಾಗ ಹಾಗಾಗುತ್ತೆ. ಲೇಖನದಲ್ಲೇ ಬರೆದಿದೀನಿ."

ಅವಳು ನಾಲ್ಕು ಸಂಖ್ಯೆ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅವರು ಅದನ್ನು ನೋಡಿದರು. ಫ್ಯಾನಿನ ಗಾಳಿಗೆ ಚೀಟಿ ಹಾರದಂತೆ ಒಂದು ಬೆರಳಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದನ್ನ ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ರಿ. ನನಗ ಯಾರದಾರ್ರಿ ಹೇಳಾಕ?"

ಇಬ್ಬರೂ ಗೋದಾಮಿಗೆ ಹೋದರು. ಅವರು ಸ್ವೆಟರ್ ಇಲ್ಲದೆ ಆ ಚಳಿಯಲ್ಲಿ ನೆಲಕ್ಕೆ ಮಂಡಿಯೂರಿ, ಟಾರ್ಚ್ ಹಿಡಿದು, ಕಪ್ಪು ಪಟ್ಟಿಯನ್ನು ನೋಡಿದರು. ಬಾಣದ ಗುರುತನ್ನು ಹೆಬ್ಬೆರಳಿನಿಂದ ಒರೆಸಿದರು, ಅಳಿಸಿಹೋಗುತ್ತದೇನೋ ಎಂಬಂತೆ.

"ನನ್ನ ಅಕ್ಷರಾನೇ," ಅಂದರು. "ಆ ದಿನ ಡೆಕ್ ಮೇಲೆ ಯಾರ್ಯಾರು ನಿಂತಿದ್ರು, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ಚಹಾದಲ್ಲಿ ಸಕ್ಕರೆ ಇರ್ಲಿಲ್ಲ ಅನ್ನೋದೂ ನೆನಪಿದೆ ನಂಗೆ. ಇದನ್ನ ಯಾವಾಗ ತಿರುಗಿಸಿ ಹಿಡಿದೆ ಅನ್ನೋದೊಂದು ನೆನಪಿಲ್ಲ."

ದಾನಮ್ಮ ಬಾಗಿಲು ತೆಗೆದು ಹಿಡಿದಳು. "ಥಂಡಿ ಭಾಳ ಐತ್ರಿ, ಹೊರಗ ಬರ್ರಿ" ಅಂದಳು.

ಮುಂದಿನ ಮೂರು ದಿನ ಅವರು ಬರಲಿಲ್ಲ. ಫೋನೂ ಇಲ್ಲ. ಮುಚ್ಚಿಹಾಕುತ್ತಾರೇನೋ ಎಂದು ಒಮ್ಮೆ, ಏನಾದರೂ ಮಾಡಿಕೊಂಡರೇನೋ ಎಂದು ಇನ್ನೊಮ್ಮೆ ಅವಳಿಗೆ ಅನ್ನಿಸಿತು. ಎಣಿಕೆ ಮೂರು ಸಲ ತಪ್ಪಿತು. ಶುಕ್ರವಾರ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಅವರು ಕೋಣೆಯಲ್ಲಿದ್ದರು. ಅವಳ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಇನ್ನೊಂದನ್ನು ತಂದಿಟ್ಟುಕೊಂಡಿದ್ದರು.

"ಕಾದಿಟ್ಟ ಅರ್ಧದಿಂದ ಹೊಸದಾಗಿ ಮಣ್ಣು ತೆಗೆಯೋಣ," ಅಂದರು. "ಪ್ರತಿ ಸ್ಲೈಡನ್ನೂ ನೀವು ಒಂದ್ಸಲ ಎಣಿಸಿ, ನಾನು ಒಂದ್ಸಲ ಎಣಿಸ್ತೀನಿ. ನಿಮ್ಮದು ನಂಗೆ ಹೇಳ್ಬೇಡಿ, ನನ್ನದು ನಿಮಗೆ ಹೇಳಲ್ಲ. ಸಂಜೆ ಹೋಲಿಸೋಣ. ಎರಡು ಮಾದರಿ ಕಾಲ ಗೊತ್ತು ಮಾಡೋದಕ್ಕೂ ಕಳಿಸ್ತೀನಿ. ಹಿಂದೆ ಈ ತುಂಡಿಂದ ಒಂದನ್ನೂ ಕಳಿಸಿರ್ಲಿಲ್ಲ. ಚಿಪ್ಪು ಸಾಲ್ದು ಅಂತ ಬಿಟ್ಟಿದ್ದೆ."

ಹೀಗೆ ಒಂಬತ್ತು ದಿನ ನಡೆಯಿತು. ಅವಳು ತೊಳೆದು ಒಣಗಿಸುತ್ತಿದ್ದಳು, ಆಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಕಣ್ಣು ಹಚ್ಚುತ್ತಿದ್ದರು. ಸಂಜೆ ಐದಕ್ಕೆ ಲೆಕ್ಕ ಓದುತ್ತಿದ್ದರು. ಮೊದಲ ದಿನ ಅವಳು ಬಾಯಿತಪ್ಪಿ "ಎಡಮುರಿ ಎಂಬತ್ತಾರು" ಎಂದುಬಿಟ್ಟಳು. ಅವರು ತಲೆಯೆತ್ತಿದರು.

"ಏನಂದ್ರಿ?"

"ತಪ್ಪಾತ್ರಿ ಸರ. ನಾ ಹಂಗ ಅಂತೀನ್ರಿ, ಒಬ್ಬಾಕಿನ ಇದ್ದಾಗ."

"ಎಡಮುರಿ," ಎಂದು ಅವರು ನಿಧಾನವಾಗಿ ಹೇಳಿ ನೋಡಿದರು. "ಚೆನ್ನಾಗಿದೆ. ನಂದು ಎಂಬತ್ತೈದು." ಮರುದಿನದಿಂದ ಅವರೂ ಹಾಗೇ ಓದತೊಡಗಿದರು.

ಅವರ ಕಣ್ಣಿಗೆ ಪೊರೆ ಬರುತ್ತಿತ್ತು; ಚಿಪ್ಪು ಕುಂಚದಿಂದ ಜಾರಿದಾಗ ಅವಳು ತನ್ನ ಕುಂಚ ಚಾಚಿ ಎತ್ತಿಕೊಡುತ್ತಿದ್ದಳು. ಈ ಚಿಪ್ಪಿನೊಳಗೆ ಇದ್ದ ಜೀವಿ ಎಷ್ಟು ದಿನ ಬದುಕಿರುತ್ತದೆ ಎಂದು ಅವಳು ಒಮ್ಮೆ ಕೇಳಿದಳು. ಕೆಲವೇ ವಾರ ಎಂದರು. ಅಷ್ಟಕ್ಕೆ ಇಷ್ಟು ವರ್ಷ ಉಳಿಯಿತಲ್ಲ ಎಂದು ಅವಳು ಬೆರಗಾದಳು. ಅವರು ನಕ್ಕರು. ಅವರು ನಗುವುದನ್ನು ಅವಳು ನೋಡಿದ್ದೇ ಕಡಿಮೆ. ದಿನದಿಂದ ದಿನಕ್ಕೆ ಅವರ ಲೇಖನ ಸುಳ್ಳಾಗುತ್ತ ಹೋಗುತ್ತಿತ್ತು. ಆದರೂ ಬೆಳಿಗ್ಗೆ ರೈಲು ಐರೋಲಿ ದಾಟಿ ರಬಾಳೆ ಬರುವಾಗ ದಾನಮ್ಮನಿಗೆ ಬೇಗ ಇಳಿಯಬೇಕು ಎನ್ನಿಸುತ್ತಿತ್ತು. ಅದು ಪಾಪವೇನೋ ಎಂದೂ ಅನ್ನಿಸುತ್ತಿತ್ತು.

ಒಂಬತ್ತನೇ ದಿನ ಸಂಜೆ ಲೆಕ್ಕ ಮುಗಿಯಿತು. ತುಂಡು ತಲೆಕೆಳಗಾಗಿತ್ತು, ಇನ್ನು ಸಂಶಯವಿರಲಿಲ್ಲ.

"ಸುಮ್ಮನಿದ್ದಿದ್ರೆ ನಿಮಗೇನೂ ನಷ್ಟ ಇರ್ಲಿಲ್ಲ," ಅಂದರು ಚಂದ್ರಶೇಖರ.

"ಚೀಟಿ ಅಂಟಸಾಕ ಕೈ ಏಳ್ಲಿಲ್ರಿ."

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಅವರು ತಮ್ಮ ಪ್ರಸಿದ್ಧ ಶೋಧದ ಬಗ್ಗೆ ಮಾತಾಡುತ್ತಾರೆಂದು ಎಲ್ಲರೂ ಕಾದಿದ್ದರು. ದಾನಮ್ಮ ಒಳಗಿರಲಿಲ್ಲ, ಹೊರಗೆ ಮೇಜಿನ ಮೇಲೆ ಸಮೋಸಾದ ಪ್ಲೇಟುಗಳನ್ನು ಜೋಡಿಸುತ್ತಿದ್ದಳು. ಬಾಗಿಲ ಸಂದಿಯಿಂದ ಅವರ ಇಂಗ್ಲಿಷ್ ಕೇಳುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ನಡುವೆ ಒಂದು ಕಡೆ "ದಾನಮ್ಮ" ಎಂದದ್ದು ಕೇಳಿತು. ಆಮೇಲೆ ಒಳಗಿನಿಂದ ಚಪ್ಪಾಳೆಯಿಲ್ಲ, ಕೆಮ್ಮಿಲ್ಲ, ಕುರ್ಚಿ ಸರಿದ ಸದ್ದೂ ಇಲ್ಲ. ಸ್ವಲ್ಪ ಹೊತ್ತಿಗೆ ನಿರ್ದೇಶಕರು ಅವಸರದ ದನಿಯಲ್ಲಿ ಏನೋ ಹೇಳಿ ಶಾಲು ಹೊದಿಸಿದರು. ಹೊರಗೆ ಬಂದವರು ಪ್ಲೇಟು ಹಿಡಿದು ಮಳೆಯ ಬಗ್ಗೆ, ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕಿನ ಬಗ್ಗೆ ಮಾತಾಡಿದರು. ಚಂದ್ರಶೇಖರರ ಹತ್ತಿರ ಯಾರೂ ನಿಲ್ಲಲಿಲ್ಲ. ಅವರು ಒಂದು ಸಮೋಸಾವನ್ನು ಪೂರ್ತಿ ತಿಂದು, ಪ್ಲೇಟನ್ನು ತಾವೇ ತೊಟ್ಟಿಗೆ ಹಾಕಿ, ಶಾಲು ಮಡಚಿ ಚೀಲಕ್ಕಿಟ್ಟುಕೊಂಡು ಹೊರಟರು. ಗೇಟಿನ ತನಕ ದಾನಮ್ಮ ಜೊತೆಗೆ ಹೋದಳು.

"ಲೇಖನ ವಾಪಸ್ ತಗೋತೀನಿ ಅಂದೆ," ಎಂದರು. "ಕಂಡುಹಿಡಿದಿದ್ದು ನೀವು ಅಂತಾನೂ ಅಂದೆ. ಮುಂದೆ ಬರೆಯೋ ತಿದ್ದುಪಡಿಯಲ್ಲಿ ನಿಮ್ಮ ಹೆಸರು ಇರುತ್ತೆ. ಅಡ್ಡಹೆಸರು ಏನು?"

"ತಳವಾರ ರಿ," ಎಂದಳು.

ಇದರ ಪೆಟ್ಟು ಬಿದ್ದದ್ದು ಜಯಂತನಿಗೆ. ಅವನು ಠಾಕುರ್ಲಿ ಪಕ್ಕದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ, ಸಂಸ್ಥೆಯಲ್ಲಿ ಮೂವತ್ತೆರಡು ವರ್ಷದ ವಿಜ್ಞಾನಿ. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ. ಕೋಣೆಗೆ ಬಂದಾಗೆಲ್ಲ "ಮಾವಶಿ", ಚಿಕ್ಕಮ್ಮ, ಎಂದು ಕರೆದು ಎರಡು ಮಾತಾಡಿ ಹೋಗುತ್ತಿದ್ದವನು ಅವನೊಬ್ಬನೇ. ಕಡಲು ಎರಡು ಸಲ ಯಾಕೆ ಬೆಚ್ಚಗಾಯಿತೆಂದು ಹುಡುಕಲು ಅದೇ ಜಾಗಕ್ಕೆ ಹಡಗಿನಲ್ಲಿ ಹೋಗುವ ಯೋಜನೆಯನ್ನು ಅವನು ನಾಲ್ಕು ವರ್ಷ ಕೂತು ಬರೆದಿದ್ದ. ಅದು ಒಪ್ಪಿಗೆಯ ಹೊಸ್ತಿಲಲ್ಲಿತ್ತು. ಈಗ ಹುಡುಕಲು ಏನೂ ಉಳಿದಿರಲಿಲ್ಲ.

"ಮಾವಶಿ, ಏಕ್‌ದಾ ಮಲಾ ಸಾಂಗಾಯಚಂ ಹೋತಂ," ಎಂದ ಅವನು. ತನಗೊಂದು ಮಾತು ಮೊದಲೇ ಹೇಳಬೇಕಿತ್ತು ಎಂದು.

"ನಿನಗ ಹೇಳಿದ್ರ ನೀ ಏನ್ ಮಾಡ್ತಿದ್ದೆಪ್ಪಾ?"

ಅವನು ಕಿಟಕಿಯ ಕಡೆ ನೋಡಿದ. "ಪತಾ ನಹೀ," ಗೊತ್ತಿಲ್ಲ ಅಂದ. ಆಮೇಲೆ ಆ ಕೋಣೆಗೆ ಬರುವುದನ್ನು ಬಿಟ್ಟ. ಕೆಲಸವನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದ. ಪಕ್ಕದ ಸೂಕ್ಷ್ಮದರ್ಶಕವನ್ನು ಇನ್ನೊಂದು ಕೋಣೆಗೆ ಸಾಗಿಸಿದರು; ಮೇಜಿನ ಮೇಲೆ ಅದರ ನಾಲ್ಕು ಕಾಲಿನ ಗುರುತು ಉಳಿಯಿತು.

ಆಗಸ್ಟಿನಲ್ಲಿ ಒಂದು ಭಾನುವಾರ ದಾನಮ್ಮ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸಾನಪಾಡಾಕ್ಕೆ ಹೋದಳು. ಚಂದ್ರಶೇಖರ ಬಾಗಿಲು ತೆಗೆದು, ಅವಳನ್ನು ಗುರುತಿಸಲು ಒಂದು ಕ್ಷಣ ತಗೊಂಡರು. ಅವಳನ್ನು ಸಂಸ್ಥೆಯ ಹೊರಗೆ ಅವರು ನೋಡಿದ್ದೇ ಇಲ್ಲ. ಕಾಫಿ ಮಾಡಿಕೊಟ್ಟರು. ಮಣ್ಣಿಲ್ಲದೆ, ಸ್ಲೈಡಿಲ್ಲದೆ ಅವರಿಬ್ಬರ ನಡುವೆ ಏನೂ ಇರಲಿಲ್ಲ. ಕೆಳಗೆ ರಸ್ತೆಯಲ್ಲಿ ಮೊಸರುಗಡಿಗೆ ಒಡೆಯುವ ದಹಿಹಂಡಿಯ ಮಕ್ಕಳು ಅಭ್ಯಾಸ ಮಾಡುತ್ತ ಕೂಗುತ್ತಿದ್ದರು.

"ಈಗ ಮನಸು ಹಗುರಾತ್ರಿ ಸರ?" ಎಂದು ಕೊನೆಗೆ ಕೇಳಿದಳು.

"ಇಲ್ಲ," ಅಂದರು ಅವರು. "ಎಲ್ಲರೂ ಹಾಗಂತಾರೆ, ನಿಜ ಹೇಳಿದ್ರೆ ಹಗುರ ಆಗುತ್ತೆ ಅಂತ. ನಂಗಾಗಿಲ್ಲ. ಇಲ್ಲದೇ ಇದ್ದ ಒಂದು ಕಡಲಿನ ಬಗ್ಗೆ ಹತ್ತೊಂಬತ್ತು ವರ್ಷ ಯೋಚನೆ ಮಾಡಿದೆ. ಈಗ ಬೆಳಿಗ್ಗೆ ಎದ್ದರೆ ಯೋಚನೆ ಮಾಡೋಕೆ ಏನೂ ಇಲ್ಲ."

ಸುಳ್ಳು ಸಮಾಧಾನ ಹೇಳುವುದು ದಾನಮ್ಮನಿಗೆ ಬರುತ್ತಿರಲಿಲ್ಲ. "ಖರೇ ಕಡಲು ಹೆಂಗಿತ್ರಿ?" ಎಂದು ಕೇಳಿದಳು. "ನಾ ವಾಶಿ ಸೇತುವಿ ಕೆಳಗಿನ ಖಾಡಿ ಬಿಟ್ರ ಕಡಲ ನೀರು ನೋಡಿಲ್ರಿ."

ಅವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಹೇಳತೊಡಗಿದರು. ಬೂದುಬಣ್ಣದ ನೀರು, ಬೂದುಬಣ್ಣದ ಆಕಾಶ, ನಡುವಿನ ಗೆರೆಯೇ ಕಾಣದ ದಿನಗಳು. ಹಡಗಿಗಿಂತ ಎತ್ತರ ಏಳುವ ಅಲೆ. ರೆಕ್ಕೆ ಬಡಿಯದೆ ದಿನಗಟ್ಟಲೆ ಹಿಂದೆ ಬರುವ ದೊಡ್ಡ ಬಿಳಿ ಹಕ್ಕಿ. ನಾಲ್ಕು ಕಿಲೋಮೀಟರ್ ಆಳದಿಂದ ಕೊಳವೆ ಮೇಲೆ ಬಂದಾಗ ಕೆಸರು ಎಷ್ಟು ತಣ್ಣಗಿತ್ತೆಂದರೆ ಬೆರಳು ಉರಿಯಿತಂತೆ. ಯಾರೂ ನೋಡದಾಗ ಅವರು ಒಂದು ಚೂರನ್ನು ನಾಲಿಗೆಗೆ ಹಚ್ಚಿ ನೋಡಿದ್ದರಂತೆ.

"ಹೆಂಗಿತ್ರಿ ರುಚಿ?"

"ಉಪ್ಪು. ಸ್ವಲ್ಪ ಸೀಮೆಸುಣ್ಣದ ಹಾಗೆ."

ಕತ್ತಲಾಗುವ ಮೊದಲು ಅವಳು ಎದ್ದಳು. ಅವರು ಸ್ಟೇಷನ್ನಿನ ತನಕ ಬಂದು, ಠಾಣೆಯ ಗಾಡಿ ಬರುವವರೆಗೆ ನಿಂತರು. ಮತ್ತೆ ಬನ್ನಿ ಎಂದರು. ಬರುತ್ತೇನೆ ಎಂದಳು. ಆದರೆ ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ಅವರು ಮನೆ ಖಾಲಿ ಮಾಡಿ ಮೈಸೂರಿಗೆ, ತಂಗಿಯ ಮನೆಗೆ ಹೋಗಿದ್ದರು.

ಕಾಲ ಗೊತ್ತು ಮಾಡಲು ಕಳಿಸಿದ್ದ ಎರಡು ಮಾದರಿಗಳ ಉತ್ತರ ನವೆಂಬರಿನಲ್ಲಿ ಬಂತು. ಒಂದು ಮಧ್ಯಾಹ್ನ ಜಯಂತ ಹಾಳೆಯನ್ನು ತಾನೇ ತಂದು ಅವಳ ಮೇಜಿನ ಮೇಲಿಟ್ಟ. ಬಾಣದ ಪ್ರಕಾರ ಬುಡದಲ್ಲಿದ್ದದ್ದು ಹೊಸದು, ತಲೆಯಲ್ಲಿದ್ದದ್ದು ಹಳೆಯದು. ಅವಳು ಅಂದದ್ದೇ ಸರಿ. ಅವನು ತಕ್ಷಣ ಹೋಗಲಿಲ್ಲ. ಅವಳ ಟ್ರೇಯನ್ನು ನೋಡುತ್ತ ಒಂದು ನಿಮಿಷ ನಿಂತಿದ್ದು ಹೋದ.

ದಾನಮ್ಮ ಮೈಸೂರಿಗೆ ಫೋನ್ ಮಾಡಿ ಸಂಖ್ಯೆಗಳನ್ನು ಓದಿದಳು. ಅತ್ತ ಕಡೆ ಅವರು ಎಲ್ಲವನ್ನೂ ಬರೆದುಕೊಂಡರು. ಪೆನ್ನಿನ ಸದ್ದು ಕೇಳುತ್ತಿತ್ತು.

"ಸರಿ," ಅಂದರು. "ಹಾಗಾದ್ರೆ ಮುಗೀತು."

"ಮುಗೀತ್ರಿ."

ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಅವರ ಕಡೆ ಯಾರೋ ಕುಕ್ಕರ್ ಇಟ್ಟಿದ್ದರು, ಸೀಟಿ ಕೂಗಿತು.

"ಊಟ ಆಯ್ತಾ ದಾನಮ್ಮ?"

"ಆತ್ರಿ," ಎಂದಳು. ಡಬ್ಬಿ ಇನ್ನೂ ಚೀಲದಲ್ಲೇ ಇತ್ತು. "ನಿಮ್ದು?"

"ಆಗ್ಬೇಕು."

ಫೋನ್ ಇಟ್ಟ ಮೇಲೆ ಅವಳು ನಲ್ಲಿ ಬಿಟ್ಟು, ಆ ದಿನ ಬಂದಿದ್ದ ಹೊಸ ಕೆಸರನ್ನು ಜರಡಿಗೆ ಸುರಿದುಕೊಂಡಳು.